ಮಕ್ಕಳ ದವಾಖಾನೆಯ ಉಪ್ಪುನೀರು

ಕಬ್ಬಿಗೆ ಹೊಡೆಯಲಿಕ್ಕೆ ಈಗ ಕಡಲಪಾಚಿಯ ರಸ ಬಂದಿದೆ. ಐದು ಲೀಟರಿನ ಕ್ಯಾನು, ಮೇಲೆ ಹಸಿರು ಎಲೆಯ ಚಿತ್ರ. ಹೋದ ವಾರ ಗೋಕಾಕದ ಒಂದು ಗೊಬ್ಬರದ ಅಂಗಡಿಯಲ್ಲಿ ನನ್ನ ತಮ್ಮನಿಗಾಗಿ ಕಾಯುತ್ತ ನಿಂತಿದ್ದೆ. ಅಂಗಡಿಯವನ ಕೈಜಾರಿ ಒಂದು ಕ್ಯಾನು ಬಿದ್ದು, ಮುಚ್ಚಳ ಬಿಚ್ಚಿ, ಕಪ್ಪು ರಸ ನೆಲದ ಮೇಲೆಲ್ಲ ಹರಿಯಿತು. ಉಪ್ಪು, ಕೊಳೆತ ಸೊಪ್ಪು, ಸತ್ತ ಮೀನು, ಮೂರೂ ಸೇರಿದ ವಾಸನೆ. "ಎಂಥಾ ಹೊಲಸ ನಾತಪಾ ಇದು" ಎಂದು ಅಂಗಡಿಯವನು ಮೂಗಿಗೆ ಟವೆಲ್ ಹಿಡಿದ. ನನಗೆ ಮೂಗು ಮುಚ್ಚಿಕೊಳ್ಳುವ ಪ್ರಮೇಯ ಬರಲಿಲ್ಲ. ಆ ನಾತವನ್ನು ಉಗುರಿನ ಸಂದಿಯಲ್ಲಿ ಇಟ್ಟುಕೊಂಡೇ ನಾನು ತಿಂಗಳುಗಟ್ಟಲೆ ಉಂಡಿದ್ದೇನೆ, ಮಲಗಿದ್ದೇನೆ. ತಮ್ಮನಿಗೆ ಫೋನು ಮಾಡಿ, ನಿನ್ನ ಗೊಬ್ಬರ ನೀನೇ ತಗೊಂಡು ಹೋಗು ಎಂದು ಹೇಳಿ ಅಲ್ಲಿಂದ ಹೊರಟು ಬಂದೆ.

ನಾನು ಗೋಕಾಕದಲ್ಲಿ ಮೀನಿನ ಅಂಗಡಿ ಇಟ್ಟವನು. ತಿನ್ನುವ ಮೀನಲ್ಲ, ನೋಡುವ ಮೀನು. ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಇಷ್ಟು ವರ್ಷವಾದರೂ ವಾರಕ್ಕೊಬ್ಬ ಒಳಗೆ ಬಂದು, ಕೆಂಪು ಮೀನಿನತ್ತ ಬೆರಳು ತೋರಿಸಿ, "ಇದರ ಸಾರು ಹೆಂಗಿರ್ತೈತ್ರಿ?" ಎಂದು ಕೇಳುತ್ತಾನೆ. ಮೊದಮೊದಲು ನಗುತ್ತಿದ್ದೆ. ಈಗ ಬಾಗಿಲು ತೋರಿಸುತ್ತೇನೆ. ಗಾಜಿನ ಮೇಲೆ ಟಕಟಕ ಬಡಿಯುವವರನ್ನು, ಸತ್ತ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು "ಬದಲಿ ಕೊಡ್ರಿ" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ಆದರೂ ಬರುತ್ತಾರೆ, ಯಾಕೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನಲ್ಲಿ ಉಪ್ಪುನೀರಿನ ಟ್ಯಾಂಕ್ ಕಟ್ಟಬಲ್ಲವನು ನಾನೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ.

ಆ ನಾತ ಕೈಗೆ ಹತ್ತಿದ ವರ್ಷದ ಬೇಸಿಗೆಯಲ್ಲಿ ಮೂಡಲಗಿಯಿಂದ ಮಕ್ಕಳ ಡಾಕ್ಟರೊಬ್ಬರು ಫೋನು ಮಾಡಿದರು. ಹೆಣ್ಣುಮಗಳು. ಊರವರೆಲ್ಲ ಡಾಕ್ಟರಬಾಯಿ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಹೊಸ ಕಟ್ಟಡ ಕಟ್ಟಿಸಿದ್ದರು. ಕೆಳಗೆ ದವಾಖಾನೆ, ಮೇಲೆ ಮನೆ. ಸೂಜಿಗೆ ಹೆದರಿ ಅಳುವ ಮಕ್ಕಳು ಸುಮ್ಮನಾಗಲೆಂದು ಕಾಯುವ ಕೋಣೆಯಲ್ಲಿ ಸಮುದ್ರದ ಮೀನು ಬೇಕು ಎಂದರು.

"ಸಿಹಿನೀರಿನ ಮೀನ ಹಾಕೂಣ್ರಿ. ಜ್ವಾಪಾನ ಮಾಡೂದು ಸರಳ" ಎಂದೆ.

"ಸರಳ ಇದ್ದದ್ದು ಎಲ್ಲಾರ ಮನ್ಯಾಗೂ ಐತಿ. ನಿಮಗ ಬರ್ತೈತೋ ಇಲ್ಲೋ, ಅಷ್ಟ ಹೇಳ್ರಿ."

ಆ ಮಾತಿಗೇ ಫೋನು ಇಟ್ಟುಬಿಡಬೇಕಿತ್ತು. ಬರುತ್ತದೆ ಎಂದೆ. ಹೋಗಿ ಜಾಗ ನೋಡಿದೆ. ಕಟ್ಟಡದ ಸುತ್ತ ಒಂದು ಹಿಡಿ ಮಣ್ಣು ಕಾಣದಂತೆ ಕಂಪೌಂಡಿನ ತುಂಬ ಫರಸಿ ಕಲ್ಲು ಹಾಸಿದ್ದರು. ದವಾಖಾನೆಗೆ ಧೂಳು ಬರಬಾರದಂತೆ. ಕಾಯುವ ಕೋಣೆಯ ಒಂದು ಗೋಡೆಗೆ ಆರಡಿ ಉದ್ದದ ಟ್ಯಾಂಕ್ ಎಂದು ತೀರ್ಮಾನವಾಯಿತು.

ಉಪ್ಪುನೀರಿನ ಟ್ಯಾಂಕಿಗೆ ಜೀವ ಕೊಡುವುದು ಮೀನಲ್ಲ, ಕಲ್ಲು. ಸಮುದ್ರದ ನೀರಿನಲ್ಲಿ ಬೆಳೆಸಿದ ಕಲ್ಲು. ಅದರ ತೂತುಗಳ ಒಳಗೆ ಕಣ್ಣಿಗೆ ಕಾಣದ ಜೀವಿಗಳು ಮನೆಮಾಡಿಕೊಂಡಿರುತ್ತವೆ. ಲೈವ್ ರಾಕ್ ಎನ್ನುತ್ತಾರೆ, ನಾನು ಜೀವದ ಕಲ್ಲು ಎನ್ನುತ್ತೇನೆ. ಮೀನು ಮಾಡಿದ ಹೊಲಸನ್ನು ಅದು ತಿಂದು ಅರಗಿಸಿ ನೀರನ್ನು ಕಾಯುತ್ತದೆ. ಮುಂಬೈಯ ವ್ಯಾಪಾರಿ ಆ ಕಲ್ಲುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಥರ್ಮೋಕೋಲಿನ ಪೆಟ್ಟಿಗೆಗಳಲ್ಲಿಟ್ಟು ಬಸ್ಸಿಗೆ ಹಾಕಿದ. ಹೆದ್ದಾರಿಯ ಬಸ್ಸು ಗೋಕಾಕದೊಳಗೆ ಬರುವುದಿಲ್ಲ. ಬೆಳಗಿನ ಆರಕ್ಕೆ ಹತ್ತರಗಿಗೆ ಹೋಗಿ ಇಳಿಸಿಕೊಂಡೆ. ಕ್ಲೀನರ್ ಪೆಟ್ಟಿಗೆಯನ್ನು ಎಸೆಯಲು ಹೋದಾಗ ಬೈದೆ.

"ಅಂಥಾದ್ದೇನೈತ್ರಿ ಒಳಗ?" ಎಂದ.

"ಕಲ್ಲು."

"ಮುಂಬೈದಿಂದ ಕಲ್ಲ ತರಸ್ತೀರಿ? ನಮ್ಮ ಕಡೆ ಕಲ್ಲಿಗೆ ಬರ ಬಂದೈತೇನು?" ಎಂದು ನಗುತ್ತ ಬಸ್ಸು ಹತ್ತಿದ.

ಅಲ್ಲೇ ಹೆದ್ದಾರಿಯ ಮಗ್ಗುಲಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಪೆಟ್ಟಿಗೆ ತೆರೆದು ಕಲ್ಲಿನ ಮೇಲೆ ಉಪ್ಪುನೀರು ಚಿಮುಕಿಸುತ್ತಿದ್ದೆ. ಹೋಟೆಲಿನ ಮಾಲಕ ಬಂದು ನಿಂತು ಎಲ್ಲ ವಿಚಾರಿಸಿದ. ಹೊಟ್ಟೆ ಮುಂದಿದ್ದರೂ ಬುದ್ಧಿ ಅದಕ್ಕಿಂತ ಮುಂದಿದ್ದ ಮನುಷ್ಯ.

"ನಂದೂ ದೊಡ್ಡ ಹಾಲ್ ಆಗಾಕತ್ತೈತಿ. ನಡಬರಕ ಏನರೆ ಒಂದು ಹಾಕಬೇಕಂತ ಐತಿ" ಎಂದ. "ದೀಪಾವಳಿ ಆಗಿ ಬರೂ ಛಟ್ಟಿ ಅಮಾಸಿಗೆ ಮೂಡಲಗಿಗೆ ಬಂದು ಡಾಕ್ಟರಬಾಯಿ ಟ್ಯಾಂಕ್ ನೋಡ್ತೇನಿ. ಚೊಕ್ಕ ಇದ್ರ ಅದರ ನಾಕ ಪಟ್ಟಿಂದು ನನಗ ಮಾಡಿಕೊಡ್ರಿ. ಇಲ್ಲಂದ್ರ ನಾ ಕಾರಂಜಿ ಹಚ್ಚಸ್ತೇನಿ."

ಅವತ್ತಿನಿಂದ ಮೂಡಲಗಿಯ ಟ್ಯಾಂಕ್ ಬರೀ ಟ್ಯಾಂಕ್ ಆಗಿ ಉಳಿಯಲಿಲ್ಲ. ಗೋಲ್ಡ್ ಫಿಶ್ ಮಾರುವವನು ಎನ್ನುವ ಹೆಸರಿನಿಂದ ಹೊರಗೆ ಬರಲು ನನಗೆ ಇದ್ದದ್ದು ಅದೊಂದೇ ದಾರಿ. ಹೆದ್ದಾರಿಯಲ್ಲಿ ಹೋಗುವ ನಾಲ್ಕು ರಾಜ್ಯದ ಮಂದಿ ನನ್ನ ಕೆಲಸ ನೋಡುತ್ತಾರೆ ಎಂದು ಬಸ್ಸಿನಲ್ಲಿ ಕೂತಾಗಲೆಲ್ಲ ಲೆಕ್ಕ ಹಾಕುತ್ತಿದ್ದೆ.

ಟ್ಯಾಂಕ್ ತಯಾರಾಯಿತು. ಬೋರಿನ ನೀರನ್ನು ನಾನು ನೇರವಾಗಿ ಹಾಕಲಿಲ್ಲ. ಕಬ್ಬಿನ ಸೀಮೆಯ ಬೋರಿನಲ್ಲಿ ನೀರಿಗಿಂತ ಗೊಬ್ಬರ ಹೆಚ್ಚು. ಶುದ್ಧ ಮಾಡುವ ಯಂತ್ರ ಕೂಡಿಸಿ, ಯಂತ್ರದಿಂದ ಬಂದ ನೀರಿಗೆ ಸಮುದ್ರದ ಉಪ್ಪು ಬೆರೆಸಿ, ಕಲ್ಲು ಜೋಡಿಸಿ, ನೀರು ಪಳಗಲೆಂದು ಒಂದೂವರೆ ತಿಂಗಳು ಬರೀ ಕಲ್ಲನ್ನೇ ಇಟ್ಟೆ. ದವಾಖಾನೆಗೆ ಬಂದವರೆಲ್ಲ "ಮೀನ ಎಲ್ಲಿ?" ಎಂದು ಕೇಳಿದರು. ಆಮೇಲೆ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಜೋಡಿ ಮೀನು, ಒಂದು ಹಳದಿ ಮೀನು, ಎರಡು ಸಿಗಡಿ ಬಿಟ್ಟೆ. ಅಳುತ್ತ ಬಂದ ಮಕ್ಕಳು ಗಾಜಿಗೆ ಮೂಗು ಹಚ್ಚಿ ನಿಂತವು. ನಿಜವಾಗಿ ಅಳು ನಿಂತಿತು. ಡಾಕ್ಟರಬಾಯಿ ಮಾತ್ರ "ಹ್ಞೂಂ, ಅಡ್ಡಿಯಿಲ್ಲ" ಎಂದರು. ಅವರ ಬಾಯಲ್ಲಿ ಅದೇ ಹೊಗಳಿಕೆ ಎಂದು ಅಲ್ಲಿನ ನರ್ಸು ಹೇಳಿದಳು.

ಆ ಮನೆಯಲ್ಲಿ ಟ್ಯಾಂಕನ್ನು ಮನಸಾರೆ ನೋಡಿದವರು ಇಬ್ಬರು. ಒಬ್ಬರು ಮುತ್ಯಾ, ಡಾಕ್ಟರಬಾಯಿಯ ಮಾವ. ಎಂಬತ್ತರ ಮೇಲಿನ ವಯಸ್ಸು, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ. ಹಳೆಯ ಮನೆ ಕೆಡವಿದ ಮೇಲೆ ಮೇಲಿನ ಮನೆಯಲ್ಲಿ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಇಳಿದು ಬಂದು ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಇನ್ನೊಬ್ಬಳು ಸುಜಾತಾ, ದವಾಖಾನೆಯ ಆಯಾ. ಕುಲಗೋಡದಾಕೆ, ನಲವತ್ತರ ಆಸುಪಾಸು. ಮುಂಜಾನೆಯ ಮೊದಲ ಬಸ್ಸಿಗೆ ಬಂದು ಶಟರ್ ತೆಗೆದು, ಕಸ ಹೊಡೆದು, ನೆಲ ಒರೆಸಿ, ಮಕ್ಕಳ ಕೈಗುರುತು ಬಿದ್ದ ಗಾಜನ್ನು ಹೊರಗಿನಿಂದ ತಿಕ್ಕುತ್ತಿದ್ದಳು. ಮಾತು ಕಡಿಮೆ. ಮೀನಿಗೆ ಕಾಳು ಹಾಕುವುದನ್ನು ಒಂದೇ ಸಲ ತೋರಿಸಿದ್ದೆ, ಒಂದು ದಿನವೂ ಹೆಚ್ಚು ಹಾಕಲಿಲ್ಲ.

ಜೂನಿನಲ್ಲಿ ಮೃಗದ ಮಳೆ ಬಿದ್ದು ಎಂಟು ದಿನಕ್ಕೆ, ನಡುವಿನ ದೊಡ್ಡ ಕಲ್ಲಿನ ನೆತ್ತಿಯ ಮೇಲೆ ಹಸಿರು ಎಳೆ ಕಾಣಿಸಿತು. ಕೂಸಿನ ತಲೆಯ ಕೂದಲಿನಷ್ಟು ಸಣ್ಣ. ಕೂದಲು ಪಾಚಿ. ಹೊಸ ಟ್ಯಾಂಕಿನಲ್ಲಿ ಒಮ್ಮೆ ಬಂದು ಹೋಗುವುದು ಸಹಜ ಎಂದು ಬಿಟ್ಟೆ. ಹದಿನೈದು ದಿನಕ್ಕೆ ಅದು ಬೆರಳುದ್ದವಾಗಿ, ನೀರಿನ ಸೆಳೆತಕ್ಕೆ ಅತ್ತಿತ್ತ ಓಲಾಡತೊಡಗಿತು. ಮಕ್ಕಳು ಖುಷಿಯಾಗಿ "ಹುಲ್ಲ ಬಂತು" ಎಂದರು. ನಾನು ಅಂಗಿಯ ತೋಳು ಏರಿಸಿದೆ.

ಅಲ್ಲಿಂದ ಮುಂದಿನ ಮೂರು ತಿಂಗಳು ನಾನು ಆ ಪಾಚಿಯ ಜೊತೆ ಬಾಳ್ವೆ ಮಾಡಿದೆ. ವಾರಕ್ಕೆರಡು ಸಲ ಗೋಕಾಕದಿಂದ ಬಸ್ಸು. ಕಲ್ಲುಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಬಕೆಟ್ಟಿನ ಉಪ್ಪುನೀರಿನಲ್ಲಿಟ್ಟು, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುವುದು. ಸಿಹಿನೀರಿನಲ್ಲಿ ತೊಳೆಯುವಂತಿಲ್ಲ, ಕಲ್ಲಿನ ಜೀವ ಹೋಗುತ್ತದೆ. ತೂತಿನ ಒಳಗಿನ ಬೇರು ಚಿಮಟಕ್ಕೂ ಸಿಗುವುದಿಲ್ಲ, ಸಿಕ್ಕಷ್ಟು ಕಿತ್ತರೆ ಉಳಿದದ್ದು ಮತ್ತೆ ಚಿಗುರುತ್ತದೆ. ಬೆರಳ ತುದಿಗಳು ಕಲ್ಲಿಗೆ ತರಚಿ, ಉಪ್ಪು ಹತ್ತಿ ಉರಿಯುತ್ತಿದ್ದವು. ದೀಪವನ್ನು ಎಂಟು ತಾಸಿನಿಂದ ನಾಲ್ಕು ತಾಸಿಗೆ ಇಳಿಸಿದೆ. ಚಾದರ ಹೊದಿಸಿ ಮೂರು ದಿನ ಕತ್ತಲೆ ಮಾಡಿದೆ. ಮಕ್ಕಳು ಮತ್ತೆ ಅಳತೊಡಗಿದವು, ಡಾಕ್ಟರಬಾಯಿ ಮುಖ ಗಂಟು ಹಾಕಿದರು. ಪಾಚಿ ತಿನ್ನುವ ಬಸವನಹುಳುಗಳನ್ನು ತರಿಸಿ ಬಿಟ್ಟೆ. ಅವು ಗಾಜನ್ನು ನೆಕ್ಕಿಕೊಂಡು ಸುಖವಾಗಿದ್ದವು.

ಶ್ರಾವಣ ಹಿಡಿಯಿತು ನೋಡಿ, ಪಾಚಿಗೆ ಹುಚ್ಚೇ ಹಿಡಿಯಿತು. ಸೋಮವಾರ ಕಿತ್ತರೆ ಶುಕ್ರವಾರಕ್ಕೆ ಕಲ್ಲು ಕಾಣುತ್ತಿರಲಿಲ್ಲ. ಸಣ್ಣ ಶೀಶೆಯಲ್ಲಿ ನೀರು ಹಿಡಿದು ಔಷಧಿ ಹನಿಸಿ ಪರೀಕ್ಷೆ ಮಾಡಿದೆ. ನೀರಿನಲ್ಲಿ ಫಾಸ್ಫೇಟ್ ಇದ್ದರೆ ನೀಲಿ ಆಗುತ್ತದೆ. ಫಾಸ್ಫೇಟ್ ಅಂದರೆ ಬೇರೇನಲ್ಲ, ಪಾಚಿಗೆ ಗೊಬ್ಬರ. ಶೀಶೆ ಕಡುನೀಲಿಗೆ ತಿರುಗಿತು. ಯಂತ್ರದ ನೀರು ಪರೀಕ್ಷಿಸಿದೆ, ಬಣ್ಣ ಬರಲಿಲ್ಲ. ಉಪ್ಪು ಪರೀಕ್ಷಿಸಿದೆ, ಬರಲಿಲ್ಲ. ಎಲ್ಲಿಂದಲೋ ಯಾರೋ ಗೊಬ್ಬರ ಹಾಕುತ್ತಿದ್ದರು. ಎಲ್ಲರ ಕೈಯನ್ನೂ ಅನುಮಾನದಿಂದ ನೋಡತೊಡಗಿದೆ. ನರ್ಸು ಬಿಸ್ಕೀಟು ಹಾಕುತ್ತಾಳೋ, ಯಾವುದಾದರೂ ತಾಯಿ ಕೂಸಿನ ಹಾಲು ಚೆಲ್ಲಿದಳೋ. ಮಂದಿ ಮುಖ ಕಂಡರೆ ಹೊಡೆಯಬೇಕು ಅನ್ನಿಸುತ್ತಿತ್ತು.

ಡಾಕ್ಟರಬಾಯಿ ಒಂದು ದಿನ ಒಳಗೆ ಕರೆದರು. ಕೂತುಕೊಳ್ಳಿ ಎನ್ನಲಿಲ್ಲ.

"ಏನ್ರಿ, ಮಂದಿ ಬಂದು ನಿಮ್ಮ ದವಾಖಾನ್ಯಾಗ ಟ್ಯಾಂಕಿನ್ಯಾಗ ಮೇವು ಬೆಳದೀರೇನು ಅಂತ ಕೇಳಾಕತ್ತಾರ. ಸ್ವಚ್ಛ ಇರ್ರಿ ಅಂತ ತಾಯಂದಿರಿಗೆ ನಾ ಹೆಂಗ ಹೇಳ್ಲಿ?"

"ಬ್ಯಾನಿ ಯಾವದಂತ ತಿಳೀಲಾರದ ಔಷಧ ಹೆಂಗ ಕೊಡ್ಲಿರಿ? ನೀವೂ ಡಾಕ್ಟರ ಅದೀರಿ."

"ನಿಮಗ ಬರ್ತೈತಿ ಅಂದಿದ್ರಿ. ಹದಿನೈದ ದಿನದಾಗ ಚೊಕ್ಕ ಆಗಲಿಲ್ಲಂದ್ರ ಅದನ್ನ ತಗಸಿ ಟೀವಿ ಹಚ್ಚಸ್ತೇನಿ."

ಹೊರಗೆ ಬಂದೆ. ಕಿವಿ ಬಿಸಿಯಾಗಿತ್ತು. ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ನನ್ನ ಉಪ್ಪು, ಬ್ರಶ್ಶು ಇರುತ್ತಿದ್ದವು. ಬಾಗಿಲು ತೆಗೆದರೆ ಉಪ್ಪಿನ ಚೀಲಕ್ಕೆ ಒರಗಿಸಿಟ್ಟ ಬಟ್ಟೆ ಒಗೆಯುವ ಪುಡಿಯ ಪುಡಕೆ. ಬಾಯಿ ತೆರೆದದ್ದು, ಅರ್ಧ ಖಾಲಿಯಾದದ್ದು. ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇರುತ್ತದೆ ಎಂದು ಎಲ್ಲೋ ಓದಿದ್ದೆ. ಮುಂದೆ ಯೋಚನೆ ಮಾಡುವ ಗೋಜಿಗೆ ಹೋಗಲಿಲ್ಲ.

"ಇದನ್ನ ಇಲ್ಲಿ ಯಾರು ಇಟ್ಟಾರ?" ಎಂದು ಕೂಗಿದೆ. ಹತ್ತು ಹನ್ನೆರಡು ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಕೂತಿದ್ದರು. ಸುಜಾತಾ ಒರೆಸುವ ಅರಿವೆ ಹಿಡಿದುಕೊಂಡು ಓಡಿಬಂದಳು.

"ನಾನ್ರಿ ಸಾಹೇಬ್ರ. ಮಳಿ ಬಂದು ಹಿಂದಿನ ತಗಡಿನ ಖೋಲಿ ಸೋರಾಕತ್ತೈತಿ. ಪುಡಿ ತೊಯ್ತೈತಿ ಅಂತ..."

"ಈ ಕೈಲೇ ಟ್ಯಾಂಕ್ ಒರಸ್ತಿ ಹೌದಿಲ್ಲೋ?"

"ಹೊರಗಿನ ಗಾಜ ಅಷ್ಟರಿ. ಒಳಗ ನಾ ಕೈ ಹಾಕೂದಿಲ್ಲ. ಸಾಹೇಬ್ರ, ಒಂದ ಮಾತ ಹೇಳಬೇಕಿತ್ತು. ದಿನಾ ಮುಂಜಾನೆ..."

"ಸಾಕು, ಮುಚ್ಚು. ಮೂರ ತಿಂಗಳಾತು ನಿನ್ನ ಹೊಲಸ ಬಳ್ಯಾಕತ್ತೇನಿ ನಾ."

ಆಕೆ ಅಲ್ಲೇ ನಿಂತಳು. ಅರಿವೆಯಿಂದ ನೀರು ತೊಟ್ಟಿಕ್ಕಿ ಆಗಷ್ಟೇ ಒರೆಸಿದ ನೆಲ ಮತ್ತೆ ಒದ್ದೆಯಾಯಿತು. ನಾನು ಪುಡಕೆ ಹಿಡಿದುಕೊಂಡು ಡಾಕ್ಟರಬಾಯಿಯ ಕೋಣೆಗೆ ನುಗ್ಗಿದೆ. ಪಾಚಿ ಯಾಕೆ ಬರುತ್ತದೆ ಎಂದು ಗೊತ್ತಾಯಿತು, ನಿಮ್ಮ ಆಯಾಳ ಸೋಪಿನ ಕೈ, ನನ್ನ ಕೆಲಸದಲ್ಲಿ ಕೊರತೆಯಿಲ್ಲ ಎಂದೆ. ಅವರು ಪುಡಕೆಯನ್ನು ನೋಡಿದರು, ನನ್ನನ್ನು ನೋಡಿದರು.

"ಖಾತ್ರಿ ಐತೇನು?"

"ಖಾತ್ರಿರಿ."

"ಆತು" ಎಂದು ಮುಂದಿನ ಕೂಸನ್ನು ಕರೆದರು.

ಮುಂದಿನ ಸಲ ಹೋದಾಗ ಬೇರೆ ಆಯಾ ಇದ್ದಳು. ಸುಜಾತಾಳನ್ನು ಬಿಡಿಸಿದರು ಎಂದು ನರ್ಸು ನನ್ನ ಮುಖ ನೋಡದೆ ಹೇಳಿದಳು. ನನಗೆ ಆಗ ಒಂಚೂರೂ ಕೆಡುಕೆನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಪೀಡೆ ತೊಲಗಿತು ಎಂದುಕೊಂಡು ಅರ್ಧದಷ್ಟು ನೀರು ಬದಲಿಸಿ, ಕಲ್ಲುಗಳನ್ನೆಲ್ಲ ತಿಕ್ಕಿ, ಶಿಳ್ಳೆ ಹಾಕುತ್ತ ಗೋಕಾಕದ ಬಸ್ಸು ಹತ್ತಿದೆ. ಡಾಕ್ಟರಬಾಯಿ ಹದಿನೈದು ದಿನದ ಮಾತನ್ನು ಮತ್ತೆ ಎತ್ತಲಿಲ್ಲ. ಅದೂ ನನಗೆ ನನ್ನ ಗೆಲುವಾಗಿಯೇ ಕಂಡಿತು.

ದಸರೆಗೆ ಪಾಚಿ ಮೊದಲಿಗಿಂತ ಜೋರಾಗಿ ಬಂತು.

ಸುಜಾತಾ ಹೋಗಿ ತಿಂಗಳಾಗಿತ್ತು. ಹೊಸ ಆಯಾ ನನ್ನ ಬಾಯಿಗೆ ಹೆದರಿ ಟ್ಯಾಂಕಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಮತ್ತೆ ಪರೀಕ್ಷೆ ಮಾಡಿದರೆ ಮತ್ತೆ ಕಡುನೀಲಿ. ಯಾರ ಮೇಲೆ ಹಾರಿಬೀಳಬೇಕು ಎಂದು ತಿಳಿಯದೆ, ಒಂದು ದಿನ ಮೊದಲ ಬಸ್ಸಿಗೇ ಮೂಡಲಗಿಗೆ ಹೋದೆ. ಆಯಾ ಆಗಷ್ಟೇ ಶಟರ್ ತೆಗೆದಿದ್ದಳು. ನಾನು ಟ್ಯಾಂಕಿನ ಹಿಂದೆ ಕೂತು ಮೋಟರಿನ ನಳಿಕೆ ಬಿಚ್ಚುತ್ತಿದ್ದೆ.

ಮುತ್ಯಾ ಮೆಟ್ಟಿಲು ಇಳಿದು ಬಂದರು. ಬರಿಗಾಲು, ಮಡಿಧೋತರ. ಎರಡೂ ಕೈಯಲ್ಲಿ ಒಂದು ಹಿತ್ತಾಳೆಯ ಬಟ್ಟಲು ಹಿಡಿದಿದ್ದರು. ಮಕ್ಕಳು ಹತ್ತಿ ನೋಡಲಿ ಎಂದು ಟ್ಯಾಂಕಿನ ಮುಂದೆ ಇಟ್ಟಿದ್ದ ಸಣ್ಣ ಮಣೆಯ ಮೇಲೆ ನಿಂತು, ಮುಚ್ಚಳ ಸರಿಸಿ, ಏನೋ ಹೇಳಿಕೊಳ್ಳುತ್ತ ಬಟ್ಟಲನ್ನು ನಿಧಾನವಾಗಿ ನೀರಿಗೆ ಬಗ್ಗಿಸಿದರು. ಬೂದುಬಣ್ಣದ ನೀರು, ಅದರಲ್ಲಿ ಹಾಲಿನ ಬಿಳುಪು. ಜೋಡಿ ಮೀನು ಮೇಲೆ ಬಂದು ಬಾಯಿ ತೆರೆದವು.

"ಮುತ್ಯಾ, ಏನರಿ ಅದು?" ಎಂದೆ.

ಅವರು ಬೆಚ್ಚಲಿಲ್ಲ. "ಲಿಂಗಪೂಜಿ ನೀರಪಾ. ಚಲ್ಲಬಾರದಲ್ಲ, ಕಾಲಾಗ ಬರ್ತೈತಿ. ಹಳೀ ಮನ್ಯಾಗ ಪತ್ರಿ ಗಿಡ ಇತ್ತು, ಅದರ ಬುಡಕ ಹಾಕ್ತಿದ್ದೆ. ಈಗ ಸುತ್ತೆಲ್ಲಾ ಫರಸಿ ಹಾಕ್ಯಾರ. ಗಟಾರಕ್ಕ ಹೆಂಗ ಹಾಕ್ಲಿ? ಇದರಾಗಾದ್ರ ಯಾರೂ ಕಾಲಿಡೂದಿಲ್ಲ. ಈ ಮೂಕ ಜೀವಕ್ಕೂ ಒಂದಿಷ್ಟು ಪುಣ್ಯ."

"ಎಂದಿನಿಂದ ಹಾಕಾಕತ್ತೀರಿ?"

"ನೀ ಮೀನ ಬಿಟ್ಟಾಗಿಂದ. ಶ್ರಾವಣದಾಗ ಎರಡೂ ಹೊತ್ತು."

ಎರಡೂ ಹೊತ್ತು. ಸಗಣಿ ಸುಟ್ಟ ವಿಭೂತಿ, ಹಾಲು, ಗಂಧ. ನಾನು ಅದೇ ಧರ್ಮದಲ್ಲಿ ಹುಟ್ಟಿದವನು, ನನ್ನ ಕೊರಳಲ್ಲೂ ಲಿಂಗ ಇದೆ. ನಮ್ಮವ್ವ ನಲವತ್ತು ವರ್ಷದಿಂದ ಅದೇ ನೀರನ್ನು ಹಿತ್ತಲಿನ ದಾಸವಾಳದ ಬುಡಕ್ಕೆ ಹಾಕುತ್ತಾಳೆ, ಆ ದಾಸವಾಳ ಓಣಿಗೆಲ್ಲ ಹೂವು ಕೊಡುತ್ತದೆ. ಮಣ್ಣಿಲ್ಲದ ಮನೆಯಲ್ಲಿ ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ನನಗಲ್ಲದೆ ಇನ್ನಾರಿಗೆ ಹೊಳೆಯಬೇಕಿತ್ತು? ಶೀಶೆ ಹಿಡಿದು ಫಾಸ್ಫೇಟ್ ಹುಡುಕಿದ ಜಾಣ ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ.

ಮುತ್ಯಾರಿಗೆ ಏನೂ ಹೇಳದೆ ಡಾಕ್ಟರಬಾಯಿಗಾಗಿ ಕಾದೆ. ಒಂಬತ್ತಕ್ಕೆ ಬಂದರು. ಬಾಗಿಲು ಮುಚ್ಚಿ ಎಲ್ಲ ಹೇಳಿದೆ. ಸುಜಾತಾಳದು ತಪ್ಪಿಲ್ಲ, ತಪ್ಪು ನನ್ನದು ಎಂದೂ ಹೇಳಿದೆ. ಆ ಮಾತು ನನ್ನ ಬಾಯಿಂದ ಎಷ್ಟು ವರ್ಷಕ್ಕೆ ಬಂದಿತ್ತೋ. ಅವರು ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಳ್ಳುತ್ತ ಕೇಳಿಸಿಕೊಂಡರು.

"ಮಾವನಾರು ಹಾಕೂದು ನನಗ ಗೊತ್ತಿತ್ತು" ಎಂದರು.

ನಾನು ಅವರ ಮುಖ ನೋಡಿದೆ. "ಗೊತ್ತಿದ್ದೂ ಆಕಿನ್ನ ಬಿಡಿಸಿದ್ರೇನ್ರಿ?"

"ಪಾಚಿ ಅದರಿಂದನ ಬರ್ತೈತಿ ಅಂತ ನನಗ ಹೆಂಗ ಗೊತ್ತಾಗಬೇಕು? ಸಂಶೆ ಇತ್ತು, ಅಷ್ಟ. ಅಷ್ಟರಾಗ ನೀವು ಹತ್ತ ಮಂದಿ ಮುಂದ ಆಕಿ ಹೆಸರ ಒದರಿದ್ರಿ. ಮಾವನಾರ ಹೆಸರ ಬರೂಕಿಂತ ಅದ ಚಲೋ ಆತು ಅಂದಕೊಂಡೆ. ನಿಮ್ಮ ಪೂಜಿ ನೀರಿಗೆ ಪಾಚಿ ಬೆಳೀತೈತಿ ಅಂತ ಸೊಸಿ ಆದಾಕಿ ಹೇಳಾಕ ಬರ್ತೈತೇನು? ಆಯಾ ಬ್ಯಾರೆ ಸಿಗ್ತಾರ."

"ಆಕಿನ್ನ ತಿರುಗಿ ಕರೀರಿ."

"ಏನಂತ ಹೇಳಿ ಕರೀಲಿ? ಈಗ ಬಂದಾಕಿನ್ನ ಏನ ಮಾಡ್ಲಿ? ನಿಮ್ಮ ಹೋಟೆಲ್ ಮಾಲಕ ಛ‌ಟ್ಟಿಗೆ ಬರ್ತಾನಂತ ಹೇಳಿದ್ರಲ್ಲ. ಟ್ಯಾಂಕ್ ಚೊಕ್ಕ ಮಾಡ್ಕೋರಿ. ಈ ಮಾತ ಇಲ್ಲಿಗೆ ಬಿಡ್ರಿ."

ಬಿಟ್ಟೆ. ಆಯಾಳ ಮೇಲೆ ಮೂರು ನಿಮಿಷದಲ್ಲಿ ಹೊರಟಿದ್ದ ಸಿಟ್ಟು ಡಾಕ್ಟರಬಾಯಿಯ ಮುಂದೆ ಹೊರಬರಲೇ ಇಲ್ಲ. ಸಿಟ್ಟು ನನ್ನ ಕೈಮೀರಿದ್ದು ಎಂದು ಅಲ್ಲಿಯವರೆಗೆ ನಂಬಿದ್ದೆ. ಅದಕ್ಕೆ ಆಳು ಯಾರು, ಧಣಿ ಯಾರು ಎಂದು ಚೆನ್ನಾಗಿ ಗೊತ್ತಿತ್ತು. ಆ ದಿನ ನನ್ನ ಬಗ್ಗೆ ನನಗೆ ಹುಟ್ಟಿದ ಅಸಹ್ಯ ಇನ್ನೂ ಪೂರ್ತಿ ಹೋಗಿಲ್ಲ.

ಗೋಕಾಕದ ಒಂದು ನರ್ಸರಿಯಿಂದ ಎದೆಮಟ್ಟದ ಬಿಲ್ವಪತ್ರಿ ಗಿಡವನ್ನು ದೊಡ್ಡ ಕುಂಡದ ಸಮೇತ ಟೆಂಪೋದಲ್ಲಿ ತಂದು ಮೆಟ್ಟಿಲ ಬಳಿ ಇಟ್ಟೆ. "ಮುತ್ಯಾ, ಇದಕ್ಕ ಹಾಕ್ರಿ, ಮೀನಿಗೆ ಸಾಕಷ್ಟು ಪುಣ್ಯ ಆಗೈತಿ" ಎಂದೆ. ಅವರು ಎಲೆ ಮುಟ್ಟಿ ನೋಡಿ, "ಇದನ್ನ ಮೊದಲ ಮಾಡಬೇಕಿತ್ತಲ್ಲೋ ತಮ್ಮಾ" ಎಂದು ನಕ್ಕರು. ಅವರಿಗೆ ಕೊನೆಯವರೆಗೂ ಏನೂ ಗೊತ್ತಾಗಲಿಲ್ಲ. ಆಯಾ ಯಾಕೆ ಬದಲಾದಳು ಎಂದು ಅವರು ಎರಡು ಸಲ ನನ್ನನ್ನೇ ಕೇಳಿದರು. ನನಗೆ ಗೊತ್ತಿಲ್ಲ ಎಂದೆ.

ಆಮೇಲೆ ಕೆಲಸ ಸುಲಭವಿತ್ತು. ಗೊಬ್ಬರ ನಿಂತ ಮೇಲೆ ಪಾಚಿಯ ಸೊಕ್ಕು ಇಳಿಯಿತು. ದೀಪಾವಳಿಗೆ ಎಳೆಗಳು ಬಿಳಿಚಿದವು, ಬಸವನಹುಳುಗಳು ಕಡೆಗೂ ಕಲ್ಲು ಹತ್ತಿದವು. ಸಕ್ಕರೆ ಕಾರ್ಖಾನೆಗಳ ಹಂಗಾಮು ಸುರುವಾಗಿ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಕಟ್ಟುವ ಹೊತ್ತಿಗೆ ಕಲ್ಲುಗಳ ಮೇಲೆ ನೇರಳೆ ಬಣ್ಣ ಹರಡತೊಡಗಿತು. ಟ್ಯಾಂಕ್ ಆರೋಗ್ಯವಾಗಿದೆ ಎನ್ನುವುದಕ್ಕೆ ಅದು ಗುರುತು. ಹತ್ತರಗಿಯ ಮಾಲಕ ಹೇಳಿದ ದಿನವೇ ಬಂದ. ಕೈಕಟ್ಟಿ ಅರ್ಧ ತಾಸು ನೋಡಿ, "ಇದ ಬೇಕು ನನಗ" ಎಂದ. ಡಾಕ್ಟರಬಾಯಿ ಹೊರಗೆ ಬಂದು, "ಭಾಳ ಶಿಸ್ತಿನ ಮನಷ್ಯಾರ ಅದಾರ" ಎಂದು ನನ್ನನ್ನು ತೋರಿಸಿ ಹೇಳಿದರು. ಬೇಸಿಗೆಯಿಂದ ಕಾದಿದ್ದ ಮಾತು. ಅದನ್ನು ಕೇಳಿ ಎದ್ದು ಓಡಿಹೋಗಬೇಕು ಎನಿಸಿತು.

ಮರುದಿನ ಕುಲಗೋಡಕ್ಕೆ ಹೋದೆ. ಬಸ್ಸಿಳಿದು ಕೇಳಿಕೊಂಡು ಹೋದಾಗ ಸುಜಾತಾ ಮನೆಯ ಮುಂದೆ ಎಮ್ಮೆಗೆ ಕಬ್ಬಿನ ತುದಿಯ ಹಸಿರು ವಾಡೆ ಕತ್ತರಿಸಿ ಹಾಕುತ್ತಿದ್ದಳು. ತೆರೆದ ಬಾಗಿಲಲ್ಲಿ ನೀಲಿ ಗೋಡೆ, ಗೋಡೆಯ ಮೇಲೆ ಬುದ್ಧನ ಫೋಟೋ ಕಾಣುತ್ತಿತ್ತು. ನನ್ನನ್ನು ಕಂಡು ಕುಡುಗೋಲು ಕೆಳಗಿಡಲಿಲ್ಲ. ಬರ್ರಿ ಎನ್ನಲಿಲ್ಲ.

"ಈಗ ಎಲ್ಲಿ ಕೆಲಸಾ?" ಎಂದೆ.

"ಕಂಡವರ ಹೊಲದಾಗ. ಕಸ ತೆಗಿಯಾಕ, ವಾಡಿ ಕಟ್ಟಾಕ. ಯಾವಾಗ ಕರೀತಾರೋ ಅವಾಗ. ಯಾಕ ಬಂದೀರಿ?"

ನಿಂತುಕೊಂಡೇ ಹೇಳಿದೆ. ಮುತ್ಯಾ, ಬಟ್ಟಲು, ಪೂಜೆಯ ನೀರು, ನನ್ನ ತಪ್ಪು. ಆಕೆ ವಾಡೆ ಕತ್ತರಿಸುವುದನ್ನು ನಿಲ್ಲಿಸದೆ ಕೇಳಿದಳು.

"ನನಗ ಗೊತ್ತಿರಲಿಲ್ಲೇನ್ರಿ? ದಿನಾ ಮುಂಜಾನೆ ಶಟರ್ ತಗದಾಕಿ ನಾನ. ಮುತ್ಯಾ ಬೀಳಬಾರದಂತ ಮಣಿ ಹಿಡಕೊಂಡು ನಿಂದರತಿದ್ದಾಕಿನೂ ನಾನ."

"ಮತ್ತ ಹೇಳಬಾರದಿತ್ತೇನು?"

"ಬಾಯಿ ತಗದಿದ್ದೆ. ಸಾಕು ಮುಚ್ಚು ಅಂದ್ರಿ."

"ಆಮ್ಯಾಲರೆ ಡಾಕ್ಟರಬಾಯಿ ಮುಂದ ಹೇಳಬಹುದಿತ್ತು."

ಆಗ ಕುಡುಗೋಲು ನಿಂತಿತು. "ನೀವು ಊರ ಮಂದೀನ ಅದೀರಲ್ಲ, ವಿಚಾರ ಮಾಡ್ರಿ. ಮುತ್ಯಾರ ಲಿಂಗದ ನೀರಿಂದ ಹೊಲಸಾಗೈತಿ ಅಂತ ಕೇರಿ ಸುಜಾತಾ ಅಂದಳು ಅಂದಿದ್ರ ಬರೇ ಕೆಲಸ ಹೋಗಿ ಮುಗೀತಿತ್ತೇನು? ಸಾಹೇಬ್ರ ಎದುರಿಗೆ ಒಂದ ಸಲ ಅನ್ನೂಣು ಅಂತ ಭಾಳ ಧೈರ್ಯ ಮಾಡಿದ್ದೆ. ಆ ಒಂದ ಸಲ ಹೋತು."

ನನಗೆ ಹೇಳಲು ಇದ್ದದ್ದು ಒಂದೇ ಉಳಿದಿತ್ತು. ಅದಕ್ಕೆಂದೇ ಬಂದಿದ್ದೆ. ಹತ್ತರಗಿಯ ಹೋಟೆಲಿನಲ್ಲಿ ದೊಡ್ಡ ಟ್ಯಾಂಕ್ ಕಟ್ಟುತ್ತಿದ್ದೇನೆ, ದಿನಾ ಕಾಳು ಹಾಕಿ ಗಾಜು ಒರೆಸಲು ಗೊತ್ತಿದ್ದವರು ಬೇಕು, ಮಾಲಕನ ಹತ್ತಿರ ಮಾತಾಡಿದ್ದೇನೆ, ಹೊಲದ ಕೂಲಿಗಿಂತ ಚಲೋ ಪಗಾರ, ಖಾಯಂ ಕೆಲಸ ಎಂದೆ. ನಿನ್ನಷ್ಟು ಚೊಕ್ಕ ಕೈ ನಾನು ಕಂಡಿಲ್ಲ ಎಂದೂ ಹೇಳಿದೆ. ಅದು ನಿಜವಾದ ಮಾತೇ ಆಗಿತ್ತು.

ಆಕೆ ಕತ್ತರಿಸಿದ ವಾಡೆಯನ್ನು ಎರಡೂ ತೋಳಿನಲ್ಲಿ ಬಾಚಿ ಎಮ್ಮೆಯ ಮುಂದೆ ಹಾಕಿದಳು. ಸೆರಗಿಗೆ ಕೈ ಒರೆಸಿಕೊಂಡು, ಆವತ್ತು ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಅಲ್ಲಿ ಪಾಚಿ ಬಂದ್ರ ಯಾರ ಹೆಸರ ಹೇಳ್ತೀರಿ?"

ಯಾರದೂ ಇಲ್ಲ ಎನ್ನಲು ಬಾಯಿ ತೆರೆದೆ. ನನ್ನನ್ನು ನಾನು ಬಲ್ಲೆ. ಬಾಯಿ ಮುಚ್ಚಿಕೊಂಡು ಬಸ್ಸಿನ ದಾರಿ ಹಿಡಿದೆ.